ಮೆಕಿಲ್ರಾಯ್ ಹೇಗೆ ಗೆದ್ದರೆಂದು ವರದಿ ಹೇಳಲಿಲ್ಲ

ಸಂಪಾದಕರಿಗೆ,

ಮಾನ್ಯರೇ,

2025ರ ಏಪ್ರಿಲ್ 15ರ ಮಂಗಳವಾರದ ಸಂಚಿಕೆಯಲ್ಲಿ, ಕ್ರೀಡಾಪುಟದ ಕೆಳಮೂಲೆಯಲ್ಲಿ, ಮಾಸ್ಟರ್ಸ್ ಗಾಲ್ಫ್ ಟೂರ್ನಿಯ ಸುದ್ದಿಯನ್ನು ತಾವು ಒಂದು ಕಾಲಂನಲ್ಲಿ ಪ್ರಕಟಿಸಿದ್ದೀರಿ. ‘ಮೆಕಿಲ್ರಾಯ್‌ಗೆ 36 ಕೋಟಿ’ ಎಂಬುದು ಅದರ ಶೀರ್ಷಿಕೆ. ಉತ್ತರ ಐರ್ಲೆಂಡಿನ ರೋರಿ ಮೆಕಿಲ್ರಾಯ್ ಅವರು ಪ್ಲೇಆಫ್‌ನಲ್ಲಿ (ಸಮಬಲವಾದಾಗ ಆಡಿಸುವ ನಿರ್ಣಾಯಕ ಆಟದಲ್ಲಿ) ಇಂಗ್ಲೆಂಡಿನ ಜಸ್ಟಿನ್ ರೋಸ್ ಅವರನ್ನು ಸೋಲಿಸಿದರೆಂದೂ, ನಾಲ್ಕೂ ಪ್ರಮುಖ ಟೂರ್ನಿಗಳನ್ನು ಗೆದ್ದು ಗ್ರ್ಯಾಂಡ್‌ಸ್ಲಾಮ್ ಪೂರೈಸಿದ ಆರನೆಯ ಆಟಗಾರರಾದರೆಂದೂ, ‘ಸಿರಿವಂತರ ಆಟ’ವಾದ ಗಾಲ್ಫ್‌ನಲ್ಲಿ ಇಂಥ ಮೊತ್ತಗಳು ಹೊಸವೇನಲ್ಲವೆಂದೂ ಕೆಳಗೆ ನಾಲ್ಕಾರು ವಾಕ್ಯಗಳಲ್ಲಿ ಬರೆಯಲಾಗಿದೆ. ಇದರಲ್ಲಿ ಅಂಕಿಯ ತಪ್ಪು ಒಂದೂ ಇಲ್ಲ. ಆದರೆ ಆ ದಿನ ಅಮೆರಿಕದ ಅಗಸ್ಟಾದ ಮೈದಾನದಲ್ಲಿ ನಡೆದದ್ದು ಏನು ಎಂಬುದು ಈ ಸುದ್ದಿಯನ್ನು ಎರಡು ಸಲ ಓದಿದರೂ ತಿಳಿಯುವುದಿಲ್ಲ. ಗಾಲ್ಫ್ ಸುದ್ದಿಯನ್ನು ಹಣದ ಸುದ್ದಿಯಾಗಿ ಬರೆಯುವುದನ್ನು ಬಿಟ್ಟು ಆಟದ ಸುದ್ದಿಯಾಗಿ ಬರೆಯಬೇಕು ಎಂಬುದಷ್ಟೇ ನನ್ನ ವಿನಂತಿ. ಪತ್ರ ಸ್ವಲ್ಪ ಉದ್ದವಾಗುತ್ತದೆ. ಪೂರ್ತಿ ಪ್ರಕಟಿಸಲಾಗದಿದ್ದರೂ ಕ್ರೀಡಾ ವಿಭಾಗದವರು ಒಮ್ಮೆ ಓದಲಿ ಎಂಬ ಆಸೆಯಿದೆ.

ನಾನು ಗಾಲ್ಫ್ ಆಡುವವನಲ್ಲ, ಯಾವ ಕ್ಲಬ್ಬಿನ ಸದಸ್ಯನೂ ಅಲ್ಲ. ದೊಮ್ಮಲೂರಿನಲ್ಲಿ ಬಹುಕಾಲದಿಂದ ವಾಸವಾಗಿರುವುದರಿಂದ ಗಾಲ್ಫ್ ಮೈದಾನದಲ್ಲಿ ದುಡಿಯುವ ಜನರ ಒಡನಾಟ ಸಹಜವಾಗಿಯೇ ಇದೆ. ಅವರ ಮಾತು ಕೇಳುತ್ತಾ ಕೇಳುತ್ತಾ ಟಿ.ವಿ.ಯಲ್ಲಿ ಈ ಆಟ ನೋಡುವ ಅಭ್ಯಾಸ ಹತ್ತಿತು.

ಮೊದಲು ಹಣದ ಮಾತನ್ನೇ ಮುಗಿಸಿಬಿಡುತ್ತೇನೆ. ಈ ವರ್ಷದ ಮಾಸ್ಟರ್ಸ್‌ನ ಒಟ್ಟು ಬಹುಮಾನ 2.1 ಕೋಟಿ ಡಾಲರ್. ವಿಜೇತರಿಗೆ ಸಿಕ್ಕಿದ್ದು 42 ಲಕ್ಷ ಡಾಲರ್. ರೂಪಾಯಿಗೆ ಲೆಕ್ಕ ಹಾಕಿದರೆ 36 ಕೋಟಿ ಆಗುತ್ತದೆ, ಸರಿ. ಆದರೆ ಅದೇ ಭಾನುವಾರ ಮಧ್ಯಾಹ್ನ ಜೈಪುರದಲ್ಲಿ ನಮ್ಮ ಆರ್‌ಸಿಬಿ ತಂಡ ರಾಜಸ್ಥಾನ ರಾಯಲ್ಸ್ ತಂಡವನ್ನು ಒಂಬತ್ತು ವಿಕೆಟ್‌ಗಳಿಂದ ಸೋಲಿಸಿದ್ದನ್ನು ತಾವು ಹೇಗೆ ಬರೆದಿರಿ? ಫಿಲ್ ಸಾಲ್ಟ್ ಪವರ್‌ಪ್ಲೇಯಲ್ಲಿ ಹೇಗೆ ಹೊಡೆದರು, ವಿರಾಟ್ ಕೊಹ್ಲಿ ಕೊನೆಯವರೆಗೆ ಹೇಗೆ ನಿಂತರು ಎಂದು ಬರೆದಿರಿ. ಹರಾಜಿನಲ್ಲಿ ಅವರಿಗೆ ಸಿಕ್ಕ ಹಣ ಎಷ್ಟು ಎಂಬುದನ್ನು ಶೀರ್ಷಿಕೆ ಮಾಡಲಿಲ್ಲ. ಕ್ರಿಕೆಟ್‌ಗೆ ಸಲ್ಲುವ ಈ ನ್ಯಾಯ ಗಾಲ್ಫ್‌ಗೂ ಸಲ್ಲಲಿ. (ಅಂದು ಆರ್‌ಸಿಬಿ ಆಟಗಾರರು ತೊಟ್ಟಿದ್ದು ಹಸಿರು ಜೆರ್ಸಿ, ಅದೇ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಮೆಕಿಲ್ರಾಯ್ ತೊಟ್ಟಿದ್ದು ಮಾಸ್ಟರ್ಸ್ ವಿಜೇತರಿಗೆ ತೊಡಿಸುವ ಹಸಿರು ಕೋಟು. ಪುಟ ವಿನ್ಯಾಸ ಮಾಡುವವರ ಕಣ್ಣಿಗೆ ಇದಾದರೂ ಬೀಳಬಹುದಿತ್ತು.)

ಸೋಮವಾರದ ಸಂಚಿಕೆಯಲ್ಲಿ ಈ ಸುದ್ದಿ ಬರಲು ಸಾಧ್ಯವಿರಲಿಲ್ಲ ಎಂಬುದು ನನಗೆ ಗೊತ್ತಿದೆ. ಅಮೆರಿಕದ ಭಾನುವಾರ ಸಂಜೆ ಮುಗಿದ ಆಟ ನಮಗೆ ಸೋಮವಾರ ನಸುಕಿನಲ್ಲಿ ಮುಗಿಯುತ್ತದೆ. ಆ ಹೊತ್ತಿಗೆ ಪತ್ರಿಕೆ ಅಚ್ಚಾಗಿ ಬಂಡಲ್ ಕಟ್ಟಿ ಏಜೆಂಟರ ಕೈ ಸೇರಿರುತ್ತದೆ. ಆದರೆ ಮಂಗಳವಾರದ ಪುಟ ಕಟ್ಟಲು ಇಡೀ ಒಂದು ಹಗಲು ಇತ್ತು. ಆ ಹಗಲಿನಲ್ಲಿ ಬರೆಯಬಹುದಾಗಿದ್ದ ಸಂಗತಿಗಳನ್ನು ನನಗೆ ತಿಳಿದಂತೆ ಇಲ್ಲಿ ಹೇಳುತ್ತೇನೆ.

ಅಗಸ್ಟಾ ನ್ಯಾಷನಲ್ ಮೈದಾನದ ಪಾರ್ 72. ಅಂದರೆ ಹದಿನೆಂಟು ಕುಳಿಗಳನ್ನು ಮುಗಿಸಲು ಒಳ್ಳೆಯ ಆಟಗಾರನಿಗೆ 72 ಹೊಡೆತ ಸಾಕು ಎಂಬುದು ಲೆಕ್ಕ. ಒಂದು ಕುಳಿಯಲ್ಲಿ ಪಾರ್‌ಗಿಂತ ಒಂದು ಹೊಡೆತ ಕಡಿಮೆಯಾದರೆ ಬರ್ಡಿ, ಎರಡು ಕಡಿಮೆಯಾದರೆ ಈಗಲ್. ಒಂದು ಹೆಚ್ಚಾದರೆ ಬೋಗಿ, ಎರಡು ಹೆಚ್ಚಾದರೆ ಡಬಲ್ ಬೋಗಿ. ಗಾಲ್ಫ್ ವರದಿಯನ್ನು ಓದಿ ಸವಿಯಲು ಇಷ್ಟು ತಿಳಿದಿದ್ದರೆ ಸಾಕು. ನಾಲ್ಕು ದಿನಗಳಲ್ಲಿ ಮೆಕಿಲ್ರಾಯ್ ಆಡಿದ್ದು 72, 66, 66, 73. ಮೊದಲ ದಿನ ಚೆನ್ನಾಗಿಯೇ ಸಾಗುತ್ತಿದ್ದ ಆಟ ಹದಿನೈದು ಮತ್ತು ಹದಿನೇಳನೆಯ ಕುಳಿಗಳಲ್ಲಿ ಎರಡು ಡಬಲ್ ಬೋಗಿಗಳಿಂದ ಹಾಳಾಯಿತು. ಎರಡನೆಯ ದಿನ ಚೇತರಿಸಿಕೊಂಡರು. ಮೂರನೆಯ ದಿನ ಮೊದಲ ಆರೂ ಕುಳಿಗಳನ್ನು ತಲಾ ಮೂರೇ ಹೊಡೆತಗಳಲ್ಲಿ ಮುಗಿಸಿ, ಕೊನೆಯ ದಿನಕ್ಕೆ ಎರಡು ಹೊಡೆತಗಳ ಮುನ್ನಡೆಯೊಂದಿಗೆ ಕಾಲಿಟ್ಟರು. ಜೊತೆಗಾರರಾಗಿ ಇದ್ದವರು ಬ್ರೈಸನ್ ಡಿಶಾಂಬೊ. ಕಳೆದ ವರ್ಷ ಪೈನ್‌ಹರ್ಸ್ಟ್‌ನಲ್ಲಿ ನಡೆದ ಯು.ಎಸ್. ಓಪನ್‌ನಲ್ಲಿ ಮೆಕಿಲ್ರಾಯ್ ಅವರನ್ನು ಒಂದೇ ಹೊಡೆತದಿಂದ ಹಿಂದಿಕ್ಕಿದವರು. ಅಂದು ಕೊನೆಯ ಮೂರು ಕುಳಿಗಳ ಪೈಕಿ ಎರಡರಲ್ಲಿ ಮೆಕಿಲ್ರಾಯ್ ತಪ್ಪಿಸಿಕೊಂಡದ್ದು ನಾಲ್ಕು ಅಡಿಗೂ ಕಡಿಮೆ ದೂರದ ಪಟ್‌ಗಳನ್ನು, ಅಂದರೆ ಚೆಂಡನ್ನು ಉರುಳಿಸಿ ಕುಳಿಗೆ ಸೇರಿಸುವ ಹೊಡೆತಗಳನ್ನು. ಆ ಸೋಲು ನೆನಪಿದ್ದವರೆಲ್ಲರೂ ಈ ಜೋಡಿಯನ್ನು ಕಂಡು ಎದೆ ಹಿಡಿದುಕೊಂಡೇ ಕುಳಿತಿದ್ದರು.

ಭಯ ಹುಸಿಯಾಗಲಿಲ್ಲ. ಮೊದಲ ಕುಳಿಯಲ್ಲೇ ಡಬಲ್ ಬೋಗಿ. ಎರಡು ಹೊಡೆತಗಳ ಮುನ್ನಡೆ ಹತ್ತು ನಿಮಿಷದಲ್ಲಿ ಮಾಯ. ಎರಡನೆಯ ಕುಳಿ ಮುಗಿಯುವಾಗ ಡಿಶಾಂಬೊ ಅವರೇ ಮುಂದಿದ್ದರು. ಮೂರು ಮತ್ತು ನಾಲ್ಕನೆಯ ಕುಳಿಗಳಲ್ಲಿ ಬರ್ಡಿ ಹೊಡೆದು ಮೆಕಿಲ್ರಾಯ್ ತಿರುಗಿಬಿದ್ದರು. ಒಂಬತ್ತು ಮತ್ತು ಹತ್ತರಲ್ಲಿ ಮತ್ತೆರಡು ಬರ್ಡಿ. ಆಗ ಅವರು ಪಾರ್‌ಗಿಂತ 14 ಕೆಳಗೆ. ಉಳಿದವರಿಗಿಂತ ನಾಲ್ಕು ಹೊಡೆತ ಮುಂದೆ. ಇನ್ನು ಕೋಟು ತೊಡಿಸುವುದೊಂದೇ ಬಾಕಿ ಎಂದು ವೀಕ್ಷಕ ವಿವರಣೆಗಾರರ ದನಿಯೂ ಸಡಿಲವಾಗಿತ್ತು. ಹನ್ನೊಂದರಲ್ಲಿ ಒಂದು ಬೋಗಿ ಬಂದರೂ ಯಾರೂ ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹದಿಮೂರನೆಯ ಕುಳಿ ಪಾರ್ ಐದು. ಗ್ರೀನ್‌ನ (ಕುಳಿಯಿರುವ ನುಣುಪಾದ ಹುಲ್ಲುಹಾಸಿನ) ಮುಂದೆ ಸಣ್ಣ ತೊರೆ. ಮುನ್ನಡೆ ಇರುವವರು ಮಾಡುವಂತೆ ಮೆಕಿಲ್ರಾಯ್ ಸಾಹಸಕ್ಕೆ ಹೋಗದೆ, ಎರಡನೆಯ ಹೊಡೆತವನ್ನು ತೊರೆಯ ಈಚೆಗೇ ನಿಲ್ಲಿಸಿದರು. ಉಳಿದದ್ದು ನೂರು ಗಜಕ್ಕೂ ಕಡಿಮೆ. ಕೈಯಲ್ಲಿ ಹತ್ತಿರದ ಹೊಡೆತಕ್ಕೆ ಬಳಸುವ ವೆಜ್ ಎಂಬ ಕೋಲು. ಹಸಿರು ಬಯಲು, ಎಡಕ್ಕೆ ಬೇಕಾದಷ್ಟು ಜಾಗ, ಗಾಳಿಯ ಕಾಟವೂ ಹೆಚ್ಚಿಲ್ಲ. ಈ ಮಟ್ಟದ ಆಟಗಾರರು ಬಹುತೇಕ ಸಲ ಗ್ರೀನ್‌ನ ಮೇಲೆ ಬೀಳಿಸುವ ಹೊಡೆತ ಅದು. ಚೆಂಡು ಬಲಕ್ಕೆ ಜಾರಿ, ದಂಡೆಗೆ ಬಡಿದು, ಉರುಳಿ ತೊರೆಗೆ ಬಿತ್ತು. ಮೆಕಿಲ್ರಾಯ್ ಮುಂದಕ್ಕೆ ಬಾಗಿ ನಿಂತುಬಿಟ್ಟರು. ಡಬಲ್ ಬೋಗಿ. ಹದಿನಾಲ್ಕರಲ್ಲಿ ಇನ್ನೊಂದು ಬೋಗಿ. ಅಷ್ಟರಲ್ಲಿ ಮುಂದಿನ ಗುಂಪುಗಳಲ್ಲಿ ಆಡುತ್ತಿದ್ದ, ಬೆಳಿಗ್ಗೆ ಏಳು ಹೊಡೆತ ಹಿಂದಿದ್ದ ಜಸ್ಟಿನ್ ರೋಸ್ ಬರ್ಡಿಯ ಮೇಲೆ ಬರ್ಡಿ ಹೊಡೆದು ಮೇಲೆ ಬಂದಿದ್ದರು. ಹತ್ತು ಬರ್ಡಿ, ನಾಲ್ಕು ಬೋಗಿ, ಒಟ್ಟು 66! ನಲವತ್ತನಾಲ್ಕು ವರ್ಷದ ಆಟಗಾರ ಅಗಸ್ಟಾದ ಕೊನೆಯ ದಿನದಲ್ಲಿ ಆಡಿದ ಆಟ ಇದು. ತಮ್ಮ ವರದಿಯಲ್ಲಿ ರೋಸ್ ‘ಮುಗ್ಗರಿಸಿದರು’ ಎಂದಿದೆ. ಇದೊಂದು ಮಾತಿಗೆ ನನ್ನ ಬಲವಾದ ಆಕ್ಷೇಪವಿದೆ. 2017ರಲ್ಲಿಯೂ ಇದೇ ಅಗಸ್ಟಾದಲ್ಲಿ ಸೆರ್ಗಿಯೊ ಗಾರ್ಸಿಯಾ ಎದುರು ಪ್ಲೇಆಫ್‌ನಲ್ಲಿ ಸೋತಿದ್ದ ರೋಸ್ ಈ ಸಲ ಎಲ್ಲಿಯೂ ಮುಗ್ಗರಿಸಲಿಲ್ಲ. ಏಳು ಹೊಡೆತಗಳ ಅಂತರವನ್ನು ಅಳಿಸಿ ಎದುರಾಳಿಯ ಪಕ್ಕಕ್ಕೆ ಬಂದು ನಿಂತಿದ್ದರು. ಆ ದಿನ ಮುಗ್ಗರಿಸಿದವರು ಗೆದ್ದವರೇ.

ಇನ್ನು ಹದಿನೈದನೆಯ ಕುಳಿಯ ಆ ಹೊಡೆತ. ಟೀಯಿಂದ (ಕುಳಿಯ ಆಟ ಶುರುವಾಗುವ ಜಾಗದಿಂದ) ಹೊಡೆದ ಚೆಂಡು ಎಡಬದಿಯಲ್ಲಿತ್ತು; ಗುರಿಗೆ ನೇರ ದಾರಿಯನ್ನು ಮರಗಳು ಮುಚ್ಚಿದ್ದವು. ದೂರ ಇನ್ನೂರು ಗಜಕ್ಕೂ ಮಿಗಿಲು. ಗ್ರೀನ್‌ನ ಮುಂದೆ ಕೊಳ. ಎರಡು ಕುಳಿಗಳ ಹಿಂದೆ ನೂರು ಗಜದೊಳಗಿನ ಹೊಡೆತವನ್ನು ನೀರಿಗೆ ಹಾಕಿದ್ದ ಮನುಷ್ಯ ಸೆವೆನ್ ಐರನ್ ಎಂಬ ಕೋಲು ಹಿಡಿದು ನಿಂತರು. ಮರಗಳ ಬಲಗಡೆಯಿಂದ ಹೊರಟ ಚೆಂಡು ಗಾಳಿಯಲ್ಲೇ ಎಡಕ್ಕೆ ಬಾಗುತ್ತಾ ಹೋಗಿ, ಕೊಳವನ್ನು ದಾಟಿ, ಗ್ರೀನ್‌ನ ಮೇಲೆ ಇಳಿದು, ಕುಳಿಯಿಂದ ಸುಮಾರು ಆರು ಅಡಿಯಲ್ಲಿ ನಿಂತಿತು. ಹೊಡೆದವರು ನಿಂತಲ್ಲಿ ನಿಲ್ಲದೆ ಚೆಂಡಿನ ಹಿಂದೆಯೇ ಓಡುವಂತೆ ಹೆಜ್ಜೆ ಹಾಕಿದ್ದರು. ಈ ಕ್ರೀಡೆಯನ್ನು ನಾನು ನೋಡಲು ಆರಂಭಿಸಿದ ಮೇಲೆ ಇಂಥ ಒತ್ತಡದಲ್ಲಿ ಇಂಥ ಹೊಡೆತವನ್ನು ಕಂಡಿಲ್ಲ. ಆಮೇಲೆ ಆ ಆರು ಅಡಿಯ ಪಟ್ ತಪ್ಪಿತು, ಈಗಲ್ ಹೋಗಿ ಬರ್ಡಿಯಾಯಿತು, ಅದು ಬೇರೆ ಮಾತು! ಅಗಸ್ಟಾದ ಗ್ರೀನ್‌ಗಳ ಮೇಲೆ ಚೆಂಡು ಓಡುವುದು ಗಾರೆ ನೆಲದ ಮೇಲೆ ಗೋಲಿ ಉರುಳಿದ ಹಾಗೆ. ಆರು ಅಡಿ ಎಂದರೆ ಅಲ್ಲಿ ಕೈಗೆ ಬಂದ ತುತ್ತೇನಲ್ಲ.

ಹದಿನೇಳರಲ್ಲಿ ಇನ್ನೊಂದು ಸೊಗಸಾದ ಐರನ್ ಹೊಡೆತ, ಬರ್ಡಿ, ಒಂದು ಹೊಡೆತದ ಮುನ್ನಡೆ. ಕೊನೆಯ ಕುಳಿಯಲ್ಲಿ ಪಾರ್ ಮಾಡಿದರೆ ಸಾಕು. ಟೀಯಿಂದ ಹೊಡೆದ ಚೆಂಡು ಫೇರ್‌ವೇಯ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿಯ) ನಡುವೆ ಬಿತ್ತು. ಎರಡನೆಯ ಹೊಡೆತ ಬಲಗಡೆಯ ಮರಳಿನ ಬಂಕರ್‌ಗೆ ಹೋಯಿತು. ಅಲ್ಲಿಂದ ಚೆಂಡನ್ನು ಐದು ಅಡಿಯವರೆಗೆ ತಂದರು. ಹನ್ನೊಂದು ವರ್ಷಗಳ ಕಾಯುವಿಕೆ ಮುಗಿಯಲು ಆ ಐದು ಅಡಿಯ ಪಟ್ ಒಂದು ಸಾಕಿತ್ತು, ಅದೂ ತಪ್ಪಿತು. ಇಬ್ಬರದೂ 277, ಪಾರ್‌ಗಿಂತ 11 ಕೆಳಗೆ. ಮತ್ತೆ ಅದೇ ಹದಿನೆಂಟನೆಯ ಕುಳಿಯಲ್ಲಿ ಪ್ಲೇಆಫ್. ಅರ್ಧ ಗಂಟೆಯ ಹಿಂದೆ ಬಂಕರ್‌ಗೆ ಹಾಕಿದ್ದ ವೆಜ್ ಹೊಡೆತವನ್ನು ಮೆಕಿಲ್ರಾಯ್ ಈ ಸಲ ಧ್ವಜದ ಆಚೆ ಇಳಿಸಿ, ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿಸಿ, ಕುಳಿಗೆ ನಾಲ್ಕಡಿಯ ಆಸುಪಾಸಿಗೆ ತಂದರು. ರೋಸ್ ಅವರ ದೂರದ ಪಟ್ ತಪ್ಪಿತು. ಮೆಕಿಲ್ರಾಯ್ ಅವರದು ಒಳಗೆ ಬಿತ್ತು. ಪಟರ್ ಎಲ್ಲೋ ಹಾರಿತು, ಮನುಷ್ಯ ಮೊಣಕಾಲೂರಿ ಹುಲ್ಲಿಗೆ ತಲೆಯಿಟ್ಟು ಅತ್ತರು. ಒಂದೇ ಟೂರ್ನಿಯಲ್ಲಿ ನಾಲ್ಕು ಡಬಲ್ ಬೋಗಿ ಮಾಡಿಯೂ ಮಾಸ್ಟರ್ಸ್ ಗೆದ್ದವರು ಅದುವರೆಗೆ ಒಬ್ಬರೂ ಇರಲಿಲ್ಲ.

ತಾವೇ ಹೇಳಿ, ಇದರಲ್ಲಿ ಕಥೆ ಕಡಿಮೆಯಿದೆಯೇ?

‘ಆರನೆಯ ಆಟಗಾರ’ ಎಂಬ ಎರಡು ಪದಗಳಲ್ಲಿ ತಮ್ಮ ವರದಿ ಮುಗಿಸಿದ ಗ್ರ್ಯಾಂಡ್‌ಸ್ಲಾಮ್‌ನ ಹಿನ್ನೆಲೆಯೂ ಹೀಗೆಯೇ. 2011ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಮೆಕಿಲ್ರಾಯ್ ಇದೇ ಅಗಸ್ಟಾದಲ್ಲಿ ನಾಲ್ಕು ಹೊಡೆತಗಳ ಮುನ್ನಡೆಯೊಂದಿಗೆ ಕೊನೆಯ ದಿನ ಆಡಲು ಬಂದು 80 ಹೊಡೆದು ಕುಸಿದಿದ್ದರು. ಎರಡೇ ತಿಂಗಳಲ್ಲಿ ಯು.ಎಸ್. ಓಪನ್ ಅನ್ನು ಎಂಟು ಹೊಡೆತಗಳ ಅಂತರದಿಂದ ಗೆದ್ದರು. 2012ರಲ್ಲಿ ಪಿಜಿಎ ಚಾಂಪಿಯನ್‌ಷಿಪ್, 2014ರಲ್ಲಿ ಹೊಯ್‌ಲೇಕ್‌ನಲ್ಲಿ ಬ್ರಿಟನ್ನಿನ ಓಪನ್, ಅದೇ ಆಗಸ್ಟ್‌ನಲ್ಲಿ ಮತ್ತೊಮ್ಮೆ ಪಿಜಿಎ. ಇಪ್ಪತ್ತೈದು ವರ್ಷಕ್ಕೆ ನಾಲ್ಕು ಪ್ರಮುಖ ಪ್ರಶಸ್ತಿಗಳು. ಉಳಿದದ್ದು ಮಾಸ್ಟರ್ಸ್ ಒಂದೇ. ಅಲ್ಲಿಂದ ಮುಂದೆ ಪ್ರತಿ ಏಪ್ರಿಲ್‌ನಲ್ಲಿ ಈ ಪ್ರಶ್ನೆಯನ್ನು ಹೊತ್ತುಕೊಂಡೇ ಅವರು ಅಗಸ್ಟಾಕ್ಕೆ ಬರುತ್ತಿದ್ದರು. ಇದು ಹನ್ನೊಂದನೆಯ ಪ್ರಯತ್ನ. ನಡುವೆ 2022ರಲ್ಲಿ ಸೇಂಟ್ ಆ್ಯಂಡ್ರೂಸ್, 2023ರಲ್ಲಿ ಲಾಸ್ ಏಂಜಲೀಸ್, 2024ರಲ್ಲಿ ಪೈನ್‌ಹರ್ಸ್ಟ್, ಹೀಗೆ ಗೆಲುವಿನ ಹೊಸ್ತಿಲಿನವರೆಗೆ ಬಂದು ಹಿಂದಿರುಗಿದ ಸೋಲುಗಳು. ಹತ್ತು ವರ್ಷ ಎಂಟು ತಿಂಗಳು ಒಂದೂ ಪ್ರಮುಖ ಪ್ರಶಸ್ತಿಯಿಲ್ಲ. ಈ ಎಲ್ಲದರ ಅರಿವಿದ್ದರೆ ಮಾತ್ರ ಮೂವತ್ತೈದು ವರ್ಷದ ವ್ಯಕ್ತಿ ಹಾಗೆ ಅತ್ತದ್ದು ಏಕೆಂದು ಓದುಗನಿಗೆ ಅರ್ಥವಾಗುತ್ತದೆ. ತಾವು ಪ್ರಕಟಿಸಿದ ಚಿತ್ರದಲ್ಲಿ ಅವರು ಅಳುತ್ತಿದ್ದರು, ಅದರ ಕೆಳಗೆ ‘ಸಂಭ್ರಮ’ ಎಂದಷ್ಟೇ ಬರೆದಿತ್ತು.

‘ಸಿರಿವಂತರ ಆಟ’ ಎಂಬ ವಿಶೇಷಣದ ಬಗ್ಗೆ ಈಗ ಬರೆಯಬೇಕು. ಇದನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಕ್ಲಬ್ ಸದಸ್ಯತ್ವದ ಶುಲ್ಕ, ಒಂದು ಸೆಟ್ ಕ್ಲಬ್ಬುಗಳ ಬೆಲೆ, ಆಟಕ್ಕೆ ಬೇಕಾದ ಎಕರೆಗಟ್ಟಲೆ ನೆಲ, ಅದಕ್ಕೆ ಸುರಿಯುವ ನೀರು ಇವೆಲ್ಲ ನಿಜ. ಆದರೆ ಮೆಕಿಲ್ರಾಯ್ ಅವರ ಸುದ್ದಿಯಲ್ಲಿ ಈ ಮಾತು ಬರೆದದ್ದು ವಿಪರ್ಯಾಸ. ಬೆಲ್‌ಫಾಸ್ಟ್ ಬಳಿಯ ಹಾಲಿವುಡ್ ಎಂಬ ಊರಿನಲ್ಲಿ ಅವರ ತಂದೆ ಗೆರಿ ಒಂದಕ್ಕಿಂತ ಹೆಚ್ಚು ಕಡೆ ದುಡಿದವರು. ಕ್ಲೀನರ್ ಕೆಲಸ ಮಾಡಿದರು, ಬಾರ್‌ನಲ್ಲಿ ಕೆಲಸ ಮಾಡಿದರು. ತಾಯಿ ರೋಸಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡಿದವರು. ಒಬ್ಬನೇ ಮಗನನ್ನು ಟೂರ್ನಿಗಳಿಗೆ ಕಳಿಸಲು ಗಂಡಹೆಂಡಿರು ಪಾಳಿ ಹಂಚಿಕೊಂಡು ದುಡಿದರೆಂಬುದು ಮೆಕಿಲ್ರಾಯ್ ಅವರೇ ಹಲವು ಸಲ ನೆನೆದಿರುವ ಸಂಗತಿ. ಅಂದು ಅವರ ಬ್ಯಾಗ್ ಹೊತ್ತಿದ್ದ ಕ್ಯಾಡಿ ಹ್ಯಾರಿ ಡೈಮಂಡ್ ಬಾಲ್ಯದ ಗೆಳೆಯ.

ಇಷ್ಟೇ ಅಲ್ಲ. ಗ್ರ್ಯಾಂಡ್‌ಸ್ಲಾಮ್ ಪೂರೈಸಿದ ಆರು ಮಂದಿಯಲ್ಲಿ ಮೊದಲನೆಯವರು ಜೀನ್ ಸರಾಜೆನ್: ಇಟಲಿಯಿಂದ ವಲಸೆ ಬಂದ ಬಡಗಿಯ ಮಗ, ಎಳವೆಯಲ್ಲೇ ಕ್ಯಾಡಿಯಾಗಿ ದುಡಿದವರು. ಎರಡನೆಯವರು ಬೆನ್ ಹೋಗನ್: ಟೆಕ್ಸಾಸ್‌ನ ಕಮ್ಮಾರನ ಮಗ, ಅವರೂ ಕ್ಯಾಡಿ. 1949ರಲ್ಲಿ ಬಸ್ಸೊಂದು ಕಾರಿಗೆ ಡಿಕ್ಕಿ ಹೊಡೆದು ಮತ್ತೆ ನಡೆಯುವುದೇ ಕಷ್ಟ ಎಂಬಂತಾಗಿದ್ದವರು 1953ರಲ್ಲಿ ಒಂದೇ ವರ್ಷ ಮೂರು ಪ್ರಮುಖ ಪ್ರಶಸ್ತಿ ಗೆದ್ದರು. ಅವರ ನಂತರ ದಕ್ಷಿಣ ಆಫ್ರಿಕಾದ ಗ್ಯಾರಿ ಪ್ಲೇಯರ್ 1965ರಲ್ಲಿ, ಜ್ಯಾಕ್ ನಿಕ್ಲಾಸ್ 1966ರಲ್ಲಿ, ಟೈಗರ್ ವುಡ್ಸ್ 2000ದಲ್ಲಿ ಈ ಸಾಲಿಗೆ ಸೇರಿದರು. ಕಾಲು ಶತಮಾನದ ಬಳಿಕ ಈಗ ಆರನೆಯವರು. ಈ ಪಟ್ಟಿಯನ್ನು ನೋಡಿ ‘ಸಿರಿವಂತರ ಆಟ’ ಎಂದು ಬರೆಯಲು ಕೈ ಬರುವುದು ಕಷ್ಟ.

ಹಾಗೆಂದು ಅಗಸ್ಟಾ ಕ್ಲಬ್ಬಿನ ಭಜನೆ ಮಾಡಬೇಕೆಂದು ನಾನು ಹೇಳುತ್ತಿಲ್ಲ; ಟೀಕಿಸಬೇಕೆಂದಿದ್ದರೆ ಅದಕ್ಕೂ ಬೇಕಾದಷ್ಟು ಸಾಮಗ್ರಿಯಿದೆ. ಆ ಕ್ಲಬ್ 1990ರವರೆಗೆ ಕಪ್ಪು ಜನಾಂಗದ ಒಬ್ಬರನ್ನೂ ಸದಸ್ಯರನ್ನಾಗಿ ಸೇರಿಸಿಕೊಳ್ಳಲಿಲ್ಲ. ಮಹಿಳೆಯರಿಗೆ ಬಾಗಿಲು ತೆರೆದದ್ದು 2012ರಲ್ಲಿ. 1934ರಲ್ಲಿ ಶುರುವಾದ ಟೂರ್ನಿಯಲ್ಲಿ ಲೀ ಎಲ್ಡರ್ ಎಂಬ ಮೊದಲ ಕಪ್ಪು ಆಟಗಾರ ಆಡಿದ್ದು 1975ರಲ್ಲಿ. ಆದರೆ ಅದೇ ಮೈದಾನದ ಹುಲ್ಲಿನ ಓಟ, ಗ್ರೀನ್‌ನ ಏರಿಳಿತ ಎಲ್ಲವನ್ನೂ ಬಲ್ಲವರಾಗಿದ್ದ ಕ್ಯಾಡಿಗಳೆಲ್ಲರೂ ಕಪ್ಪು ಜನರು. 1982ರವರೆಗೆ ಆಟಗಾರರು ಕ್ಲಬ್ಬಿನ ಕ್ಯಾಡಿಗಳನ್ನೇ ಕರೆದುಕೊಳ್ಳಬೇಕೆಂಬ ನಿಯಮವಿತ್ತು. ಬ್ಯಾಗ್ ಹೊರಬಹುದು, ಯಾವ ಕ್ಲಬ್ ಹಿಡಿಯಬೇಕೆಂದು ಸಲಹೆ ಕೊಡಬಹುದು, ಕ್ಲಬ್‌ಹೌಸಿನಲ್ಲಿ ಸದಸ್ಯನಾಗಿ ಕೂರುವಂತಿಲ್ಲ. 1984 ಮತ್ತು 1995ರಲ್ಲಿ ಬೆನ್ ಕ್ರೆನ್‌ಶಾ ಗೆದ್ದಾಗ ಎರಡು ಸಲವೂ ಪಕ್ಕದಲ್ಲಿದ್ದವರು ಅಗಸ್ಟಾದ ಕ್ಯಾಡಿ ಕಾರ್ಲ್ ಜ್ಯಾಕ್ಸನ್. 1997ರಲ್ಲಿ ಟೈಗರ್ ವುಡ್ಸ್ ಹನ್ನೆರಡು ಹೊಡೆತಗಳ ಅಂತರದಿಂದ ಗೆದ್ದದ್ದು ಇಂಥ ಅಂಗಳದಲ್ಲಿ. ಮೆಕಿಲ್ರಾಯ್ ಗೆಲುವಿನ ಸುದ್ದಿ ನಮ್ಮಲ್ಲಿಗೆ ಬಂದ ಸೋಮವಾರ ಏಪ್ರಿಲ್ 14, ಅಂಬೇಡ್ಕರ್ ಜಯಂತಿ. ತಮ್ಮ ಪತ್ರಿಕೆಯ ಸಂಪಾದಕೀಯ ಪುಟದಲ್ಲಿ ಅಂದು ಕೆರೆಯ ನೀರಿನ ಹಕ್ಕಿನ ಬಗ್ಗೆ, ದೇವಾಲಯ ಪ್ರವೇಶದ ಬಗ್ಗೆ ಉತ್ತಮ ಲೇಖನಗಳಿದ್ದವು. ಕ್ರೀಡಾಪುಟದಲ್ಲಿಯೂ ಅದೇ ಕಣ್ಣು ತೆರೆದಿದ್ದರೆ ‘ಸಿರಿವಂತರ ಆಟ’ ಎಂಬ ಸವಕಲು ಮಾತಿಗಿಂತ ಹರಿತವಾದ ಟೀಕೆ ಓದಲು ಸಿಗುತ್ತಿತ್ತು.

ನಮ್ಮ ಊರಿನ ಕಡೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ಗಾಲ್ಫ್ ನಿನ್ನೆ ಮೊನ್ನೆ ಬಂದದ್ದಲ್ಲ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಅಗಸ್ಟಾಕ್ಕಿಂತ ಅರ್ಧ ಶತಮಾನಕ್ಕೂ ಹಳೆಯದು. ಸ್ಯಾಂಕಿ ರಸ್ತೆಯ ಕಡೆ ಬಸ್ಸಿನಲ್ಲಿ ಹೋಗುವವರಿಗೆ ಕಾಣುವುದು ಎತ್ತರದ ಬಲೆ ಮಾತ್ರ. ಒಳಗೆ ಯಾರು ಆಡುತ್ತಾರೆ, ಹೇಗೆ ಆಡುತ್ತಾರೆ ಎಂಬುದು ಊರಿನ ಬಹುಪಾಲು ಜನರಿಗೆ ಗೊತ್ತಿಲ್ಲ. ಗೊತ್ತುಮಾಡಿಕೊಡಬೇಕಾದವರು ತಮ್ಮಂಥವರು. ಬಿಡದಿ ಬಳಿಯ ಈಗಲ್ಟನ್ ಮೈದಾನದ ಆಸುಪಾಸಿನ ಹಳ್ಳಿಯ ಬಡ ಮನೆಯಿಂದ ಬಂದ ಎಸ್. ಚಿಕ್ಕರಂಗಪ್ಪ ಕ್ಯಾಡಿಯಾಗಿದ್ದು, ಆಮೇಲೆ ವೃತ್ತಿಪರ ಆಟಗಾರರಾಗಿ ಏಷ್ಯನ್ ಟೂರ್‌ವರೆಗೆ ಹೋದರು. 2015ರ ಪಿಜಿಎ ಚಾಂಪಿಯನ್‌ಷಿಪ್‌ನಲ್ಲಿ ಜಂಟಿ ಐದನೆಯ ಸ್ಥಾನ ಪಡೆದ ಅನಿರ್ಬನ್ ಲಾಹಿರಿ ತಮ್ಮ ಆಟವನ್ನು ತಿದ್ದಿಕೊಂಡದ್ದು ಇದೇ ಊರಿನಲ್ಲಿ. ಮೈಸೂರಿನ ಪ್ರಣವಿ ಅರಸ್ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ದೇಶಕ್ಕಾಗಿ ಆಡಿದರು. ಅದೇ ಕೂಟದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಬೆಳ್ಳಿ ಗೆದ್ದರು. ಏಷ್ಯನ್ ಕ್ರೀಡಾಕೂಟದಲ್ಲಿ ಗಾಲ್ಫ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ಕೊನೆಯ ಸುತ್ತಿಗೆ ಏಳು ಹೊಡೆತ ಮುಂದಿದ್ದು, 77 ಹೊಡೆದು ಚಿನ್ನ ಕಳೆದುಕೊಂಡರು ಎಂಬುದನ್ನೂ ಹೇಳಬೇಕು. ಮೆಕಿಲ್ರಾಯ್ ಅವರ 2011ರ ಭಾನುವಾರವನ್ನು ಬಲ್ಲವರಿಗೆ ಅದು ಎಂಥ ದಿನವಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಗಾಲ್ಫ್ ಬರೆದರೆ ಓದುವವರು ಯಾರು ಎಂದು ತಮ್ಮ ಕಚೇರಿಯಲ್ಲಿ ಕೇಳುವುದುಂಟೆಂದು ಕೇಳಿದ್ದೇನೆ. 2021ರ ಆಗಸ್ಟ್ 7ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಬೇಕು. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಅದಿತಿ ಪದಕದ ಸನಿಹದಲ್ಲಿದ್ದಾರೆಂದು ಗೊತ್ತಾದದ್ದೇ ತಡ, ಅದುವರೆಗೆ ಗಾಲ್ಫ್ ಎಂದರೇನೆಂದು ತಿಳಿಯದಿದ್ದ ಮನೆಗಳಲ್ಲಿ ಟಿ.ವಿ. ಹಾಕಿಕೊಂಡು ಕುಳಿತರು. ತಾಯಿ ಮಾಹೇಶ್ವರಿ ಕ್ಯಾಡಿಯಾಗಿ ಬ್ಯಾಗ್ ಹಿಡಿದಿದ್ದರು. ನಡುವೆ ಗುಡುಗು ಮಿಂಚಿನಿಂದ ಆಟ ನಿಂತಾಗ, ಹಾಗೆಯೇ ರದ್ದಾದರೆ ಯಾರಿಗೆ ಪದಕ ಎಂಬ ಚರ್ಚೆ ನಮ್ಮ ಬೀದಿಯ ಹಾಲಿನ ಬೂತಿನ ಮುಂದೆ ನಡೆಯಿತು. ಕೊನೆಯಲ್ಲಿ ಒಂದೇ ಹೊಡೆತದಿಂದ ಕಂಚು ಕೈತಪ್ಪಿ ನಾಲ್ಕನೆಯ ಸ್ಥಾನ. ಅಂದು ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು. ಮರುದಿನದ ಪತ್ರಿಕೆಗಳಲ್ಲಿ ಅದಿತಿ ಒಳಪುಟಕ್ಕೆ ಹೋದರು, ಅದು ಸಹಜವೇ. ಆದರೆ ಒಂದು ಬೆಳಗಿನಲ್ಲಿ ಬರ್ಡಿ, ಬೋಗಿಗಳನ್ನು ಕಲಿತುಬಿಟ್ಟ ಓದುಗರನ್ನು ಆಮೇಲೆ ಯಾರೂ ಮಾತನಾಡಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ದೊಮ್ಮಲೂರಿನ ಚಹಾದಂಗಡಿಯ ಮುಂದೆ ಕೆಲವು ಕ್ಯಾಡಿಗಳು ಪಾಳಿಗೆ ಹೋಗುವ ಮೊದಲು ತಮ್ಮ ಪತ್ರಿಕೆಯನ್ನು ನೋಡುತ್ತಿದ್ದರು. ಅವರಲ್ಲಿ ಹಿರಿಯರೊಬ್ಬರು ಕನ್ನಡ ಪತ್ರಿಕೆಯನ್ನೇ ಓದುವವರು. ಇಂಗ್ಲಿಷ್ ಪತ್ರಿಕೆ ಅವರಿಗೆ ಒಗ್ಗುವುದಿಲ್ಲ. ಪಂದ್ಯವನ್ನು ಮೊಬೈಲ್‌ನಲ್ಲಿ ತುಂಡುತುಂಡಾಗಿ ನೋಡಿದ್ದರು. ಸುದ್ದಿ ಓದಿ ಮುಗಿಸಿ, ಪುಟ ತಿರುಗಿಸಿ ಹಿಂದೆಯೂ ಹುಡುಕಿ, “ಹದಿನೈದನೇ ಹೋಲ್ ಶಾಟ್ ಬಗ್ಗೆ ಏನೂ ಹಾಕಿಲ್ವಲ್ಲ ಸಾರ್” ಎಂದರು. ಆಮೇಲೆ ಚಹಾದ ಲೋಟವನ್ನು ಪಕ್ಕಕ್ಕಿಟ್ಟು, ಕೈಯಲ್ಲಿದ್ದ ಪತ್ರಿಕೆಯನ್ನು ಸುರುಳಿ ಸುತ್ತಿ ಕ್ಲಬ್ಬಿನಂತೆ ಹಿಡಿದು, ಮುಂಗೈ ಹೇಗೆ ತಿರುಗಿದರೆ ಚೆಂಡು ಎಡಕ್ಕೆ ಬಾಗುತ್ತದೆ, ಚೆಂಡನ್ನು ಪಾದಗಳ ನಡುವೆ ಎಷ್ಟು ಹಿಂದಕ್ಕೆ ಇಟ್ಟುಕೊಂಡರೆ ಕೊಂಬೆಗಳ ಕೆಳಗೆ ಹಾದುಹೋಗುತ್ತದೆ ಎಂದು ಜೊತೆಯ ಹುಡುಗನಿಗೆ ತೋರಿಸಿದರು. ಆ ಹುಡುಗ ಎರಡು ಸಲ ಹಾಗೆಯೇ ಮಾಡಿ ನೋಡಿದ. ತಮ್ಮ ವರದಿಗಾರರು ಅವರನ್ನು ಐದು ನಿಮಿಷ ಮಾತನಾಡಿಸಿದ್ದರೆ ಸುದ್ದಿಸಂಸ್ಥೆಯ ಯಾವ ಬರಹಕ್ಕೂ ಕಡಿಮೆಯಿಲ್ಲದ ವಿವರಣೆ ಸಿಗುತ್ತಿತ್ತು. ಮೈದಾನದ ಮಾಲಿಗಳು, ಡ್ರೈವಿಂಗ್ ರೇಂಜ್‌ನಲ್ಲಿ ಚೆಂಡು ಆಯುವವರು, ಕ್ಯಾಡಿಗಳು ಇವರಲ್ಲಿ ಬಹಳ ಮಂದಿ ಕನ್ನಡ ಓದುವವರು. ಈ ನಗರದಲ್ಲಿ ಗಾಲ್ಫ್ ಬಲ್ಲ ಕನ್ನಡ ಓದುಗ ಇಲ್ಲ ಎಂದುಕೊಂಡು ಪುಟ ಕಟ್ಟುವುದು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಕಟ್ಟಿದಂತೆ.

ಐಪಿಎಲ್ ಋತುವಿನಲ್ಲಿ ಜಾಗದ ಅಭಾವವಿದೆ, ಜಾಹೀರಾತಿನ ಒತ್ತಡವಿದೆ ಎಂಬುದನ್ನು ಒಪ್ಪುತ್ತೇನೆ. ಆರ್‌ಸಿಬಿ ಸುದ್ದಿಯನ್ನು ಕಡಿತ ಮಾಡಿ ಎಂದು ಬೆಂಗಳೂರಿನಲ್ಲಿ ಕುಳಿತು ಬರೆಯುವ ಧೈರ್ಯ ನನಗಿಲ್ಲ. ಪ್ರತಿ ವಾರ ಗಾಲ್ಫ್ ಬರೆಯಿರಿ ಎಂದೂ ಕೇಳುತ್ತಿಲ್ಲ. ಪುರುಷರ ಪ್ರಮುಖ ಟೂರ್ನಿಗಳು ವರ್ಷಕ್ಕೆ ನಾಲ್ಕೇ: ಏಪ್ರಿಲ್‌ನಲ್ಲಿ ಮಾಸ್ಟರ್ಸ್, ಮೇನಲ್ಲಿ ಪಿಜಿಎ ಚಾಂಪಿಯನ್‌ಷಿಪ್, ಜೂನ್‌ನಲ್ಲಿ ಯು.ಎಸ್. ಓಪನ್, ಜುಲೈನಲ್ಲಿ ಬ್ರಿಟನ್ನಿನ ಓಪನ್. ಈ ನಾಲ್ಕು ಟೂರ್ನಿಗಳು ಮುಗಿದ ಮಂಗಳವಾರಗಳಂದು ಅರ್ಧ ಪುಟ ಕೊಡಿ. ಸ್ಕೋರ್ ಪಟ್ಟಿಯಲ್ಲಿ ಮೊದಲ ಹತ್ತು ಜನರ ಹೆಸರಿರಲಿ. ಈ ಸಲ ಪ್ಯಾಟ್ರಿಕ್ ರೀಡ್ ಮೂರನೆಯವರಾಗಿ, ಹಿಂದಿನ ವರ್ಷದ ವಿಜೇತ ಸ್ಕಾಟಿ ಶೆಫ್ಲರ್ ನಾಲ್ಕನೆಯವರಾಗಿ ಮುಗಿಸಿದ್ದು ತಮ್ಮ ಓದುಗರಿಗೆ ಗೊತ್ತೇ ಆಗಲಿಲ್ಲ. ನಿರ್ಣಾಯಕವಾದ ಒಂದೆರಡು ಕುಳಿಗಳ ರೇಖಾಚಿತ್ರ ಇರಲಿ. ಕ್ರಿಕೆಟ್‌ಗೆ ವ್ಯಾಗನ್ ವೀಲ್ ಬರೆಯುವ ಕಲಾವಿದರಿಗೆ ಇದೇನೂ ಕಷ್ಟವಲ್ಲ. ಪಾರ್, ಬರ್ಡಿ, ಬೋಗಿಗಳ ಅರ್ಥವನ್ನು ಮೊದಲ ಸಲ ಸಣ್ಣ ಚೌಕದಲ್ಲಿ ಕೊಟ್ಟರೆ ಸಾಕು, ಮತ್ತೆ ಮತ್ತೆ ಬೇಕಾಗುವುದಿಲ್ಲ. ಬಹುಮಾನದ ಮೊತ್ತ ಕೊನೆಯ ಸಾಲಿನಲ್ಲಿ ಇರಲಿ, ಬೇಡವೆನ್ನುವುದಿಲ್ಲ. ಹಾಗೆಯೇ ಅದಿತಿ, ಪ್ರಣವಿ ಮುಂತಾದವರು ಹೊರದೇಶದಲ್ಲಿ ಆಡುವಾಗ ಅವರು ಎಷ್ಟನೆಯ ಸ್ಥಾನದಲ್ಲಿದ್ದಾರೆಂಬ ಎರಡು ಸಾಲನ್ನಾದರೂ ತಪ್ಪದೆ ಹಾಕಬೇಕು.

ಮುಂದಿನ ಪಿಜಿಎ ಚಾಂಪಿಯನ್‌ಷಿಪ್ ಮೇ 15ರಿಂದ 18ರವರೆಗೆ ಅಮೆರಿಕದ ಷಾರ್ಲೆಟ್ ನಗರದ ಕ್ವೇಲ್ ಹಾಲೋ ಮೈದಾನದಲ್ಲಿ ನಡೆಯಲಿದೆ. ಮೆಕಿಲ್ರಾಯ್ ಈ ಮೊದಲು ನಾಲ್ಕು ಸಲ ಪಿಜಿಎ ಟೂರ್ ಪ್ರಶಸ್ತಿ ಗೆದ್ದಿರುವ ಮೈದಾನ ಅದು. ಹಾಗಾಗಿ ಈ ಸಲ ಎಲ್ಲರ ಕಣ್ಣೂ ಅವರ ಮೇಲಿರುತ್ತದೆ. ಅಲ್ಲಿಯೂ ಫಲಿತಾಂಶ ನಮಗೆ ಸೋಮವಾರ, ಮೇ 19ರ ನಸುಕಿನಲ್ಲಿಯೇ ಬರುತ್ತದೆ. ಮೇ 20ರ ಮಂಗಳವಾರದ ಪುಟಕ್ಕೆ ಜಾಗ ಕಾದಿರಿಸಲು ಕ್ರೀಡಾ ವಿಭಾಗಕ್ಕೆ ಇನ್ನೂ ತಿಂಗಳಷ್ಟು ಸಮಯವಿದೆ. ದಯವಿಟ್ಟು ಈಗಲೇ ತಿಳಿಸಿಡಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ದೊಮ್ಮಲೂರು, ಬೆಂಗಳೂರು